ವೈದಾಮು ಕವಲಿನ ಹದಿನಾಲ್ಕು ಕಿಲೋಮೀಟರು

ವೈದಾಮು, ವನುವಾ ಲೇವು, ಫಿಜಿ
6 ಮಾರ್ಚ್ 1994

ಬಿದ್ಯಾ,

ಕ್ಷೇಮ ಸಮಾಚಾರ ಎಲ್ಲ ಆಮೇಲೆ. ಮೊದಲು ನನಗೆ ಒಂದು ಹೆಸರು ಬೇಕು.

ನಿನ್ನೆ ಸಕ್ಕರೆ ಗಿರಣಿಯವರು ಬೆಳೆಗಾರರ ಸಭೆ ಕರೆದಿದ್ದರು. ಈ ಸಾಲಿನ ಕಬ್ಬು ಅರೆದು ಮುಗಿದ ಮೇಲೆ ಕಬ್ಬಿನ ರೈಲು ಓಡುವ ನಮ್ಮ ವೈದಾಮು ಕವಲಿನ ಹಳಿಯನ್ನು ಕಿತ್ತುಹಾಕುತ್ತಾರಂತೆ, ಹೊಳೆಯ ಸೇತುವೆಯನ್ನೂ ಸೇರಿಸಿ. ಸೇತುವೆ ಹೋದರೆ ಆಚೆ ದಡದ ನಲವತ್ತು ಮನೆಗಳ ಕಬ್ಬು ಎಲ್ಲಿಗೆ ಹೋಗಬೇಕು? ಆ ಕಡೆಗೆ ಲಾರಿ ಬರುವ ರಸ್ತೆಯೇ ಇಲ್ಲ. ಮಕ್ಕಳು ಶಾಲೆಗೆ ಹೋಗುವುದೂ ಆ ಸೇತುವೆಯ ಮೇಲೆಯೇ. ನಾನು ಸರ್ದಾರನಾಗಿರುವ ಹಳಿ ಗ್ಯಾಂಗಿನ ಒಂಬತ್ತು ಜನರ ಹೊಟ್ಟೆಪಾಡಿನ ಮಾತಂತೂ ಬಿಡು.

ನಮ್ಮ ಸಂಘದ ವಕೀಲರು ಎದ್ದು, ಸರ್ಕಾರದ ಪಟ್ಟಿಯಲ್ಲಿರುವ ರೈಲುದಾರಿಯನ್ನು ವಿಚಾರಣೆ ನಡೆಸದೆ ಕೀಳುವ ಹಾಗಿಲ್ಲ ಎಂದರು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಗಿರಣಿಯವನು ನಗುತ್ತಾ ಚೀಲದಿಂದ ಒಂದು ದಪ್ಪ ಪುಸ್ತಕ ತೆಗೆದ. ಜಗತ್ತಿನ ಯಾವ ದೇಶದಲ್ಲಿ ಎಷ್ಟು ಉದ್ದದ ರೈಲುದಾರಿ ಇದೆ ಎಂಬ ಪಟ್ಟಿ. ಓದುತ್ತಾ ಹೋದ. ಅಮೆರಿಕ ಎರಡು ಲಕ್ಷ ಕಿಲೋಮೀಟರಿಗೂ ಮೇಲೆ. ಹಿಂದೂಸ್ತಾನ ಅರವತ್ತೆರಡು ಸಾವಿರ. ಆಸ್ಟ್ರೇಲಿಯಾ ಮೂವತ್ತು ಸಾವಿರದ ಮೇಲೆ, ನ್ಯೂಜಿಲೆಂಡ್ ನಾಲ್ಕು ಸಾವಿರದ ಹತ್ತಿರ. ನೌರು, ಬಿದ್ಯಾ, ಹಕ್ಕಿ ಹಿಕ್ಕೆ ಅಗೆದು ಬದುಕುವ ಆ ನೌರು, ಅದಕ್ಕೂ ನಾಲ್ಕು ಕಿಲೋಮೀಟರಿದೆ! ಪೋಪರ ಊರಿನಲ್ಲಿ ಒಂದು ಕಿಲೋಮೀಟರೂ ಇಲ್ಲ, ಆದರೂ ಪಟ್ಟಿಯಲ್ಲಿ ಠೀವಿಯಿಂದ ಕೂತಿದೆ. ಫಿಜಿಯ ಮುಂದೆ ಸೊನ್ನೆ.

“ನಿಮ್ಮ ದೇಶದಲ್ಲಿ ರೈಲೇ ಇಲ್ವಲ್ಲ ಸರ್ದಾರ್, ಇಲ್ಲದ್ದನ್ನ ನಾವು ಹೆಂಗೆ ಕೀಳೋದು?” ಅಂದ. ಸಭೆಯೇ ನಕ್ಕಿತು. ನಮ್ಮವರೂ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

ಆ ಅಂಕಿ ಸುವಾದಿಂದ, ನೀನು ಕೆಲಸ ಮಾಡುವ ಸರ್ಕಾರಿ ಕಚೇರಿಯಿಂದಲೇ ಪ್ರತಿ ವರ್ಷ ಹೋಗುತ್ತದಂತೆ. ಆ ಸೊನ್ನೆ ಬರೆದ ಕತ್ತೆ ಯಾರು? ಹೆಸರು ತಿಳಿಸು. ಉಳಿದದ್ದು ನಾನು ನೋಡಿಕೊಳ್ಳುತ್ತೇನೆ.

ನಿನ್ನ ಭಯ್ಯಾ,
ಖೇಲಾವನ್


ಸುವಾ
21 ಮಾರ್ಚ್ 1994

ಭಯ್ಯಾ,

ಪತ್ರ ತಲುಪಿತು. ಭೌಜಿಯ ಹಲ್ಲುನೋವು ಹೇಗಿದೆ? ಲವಂಗ ಕಚ್ಚಿಕೊಂಡು ಕೂರದೆ ಆಸ್ಪತ್ರೆಗೆ ಹೋಗಲು ನಿನ್ನ ಹೆಂಡತಿಗೆ ಹೇಳು.

ನೀನು ಸಿಟ್ಟು ಮಾಡಿಕೊಳ್ಳುವಂಥದ್ದು ಏನೂ ಆಗಿಲ್ಲ. ಹೊರದೇಶದಿಂದ ವರ್ಷಕ್ಕೊಮ್ಮೆ ಒಂದು ನಮೂನೆ ಬರುತ್ತದೆ. ಎಷ್ಟು ರೇಡಿಯೋ, ಎಷ್ಟು ಹಡಗು, ಎಷ್ಟು ಉದ್ದದ ರೈಲುದಾರಿ ಎಂದೆಲ್ಲ ಕೇಳುತ್ತಾರೆ. ಜನರನ್ನೋ ಸಾರ್ವಜನಿಕರ ಸರಕನ್ನೋ ಸಾಗಿಸುವುದು ಮಾತ್ರ ರೈಲುದಾರಿ ಎಂದು ಅದರಲ್ಲೇ ಬರೆದಿದೆ. ಕಬ್ಬಿನ ಹಳಿ ಎಂದರೆ ಗಿರಣಿಯ ಸಲಕರಣೆ ಎಂಬುದು ಇಲ್ಲಿನವರ ಅಭಿಪ್ರಾಯ. ನೌರುವಿನದೂ ಗಣಿಯ ಹಳಿಯೇ. ಆದರೆ ಅವರು ಬರೆದು ಕಳಿಸಿದ್ದಾರೆ, ಬಂದಿದೆ. ಒಂದೊಂದು ದೇಶ ಒಂದೊಂದು ರೀತಿ ಲೆಕ್ಕ ಹಾಕುತ್ತದೆ. ಎರಡು ಹಳಿ ಅಕ್ಕಪಕ್ಕ ಇದ್ದರೆ ಕೆಲವರು ಒಂದು ಅನ್ನುತ್ತಾರೆ, ಕೆಲವರು ಎರಡು ಅನ್ನುತ್ತಾರೆ. ಅಂಥ ಪಟ್ಟಿ ಅದು. ಅದಕ್ಕೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕೆ?

ದ್ವೀಪಗಳ ಕಬ್ಬಿನ ಹಳಿಯನ್ನೆಲ್ಲ ಕೂಡಿಸಿದರೂ ಆರುನೂರು ಕಿಲೋಮೀಟರಿನ ಆಸುಪಾಸು. ಆಗಲೂ ನಾವು ನೂರು ದೇಶಗಳ ಹಿಂದೆಯೇ ಇರುತ್ತೇವೆ. ಅಷ್ಟರಿಂದ ನಿನ್ನ ಮೀಸೆ ಎಷ್ಟು ಮೇಲೇರುತ್ತದೆ, ಹೇಳು?

ಬಿದ್ಯಾವತಿ


ವೈದಾಮು
4 ಏಪ್ರಿಲ್ 1994

ಬಿದ್ಯಾ,

ನಾನು ಹೆಸರು ಕೇಳಿದೆ. ನೀನು ಅಡ್ಡಗೋಡೆಯ ಮೇಲೆ ದೀಪ ಇಟ್ಟೆ.

ಮೀಸೆಯ ಮಾತು ಯಾರು ಎತ್ತಿದರು? ನಾವು ಅಮೆರಿಕದ ಪಕ್ಕ ಕೂರಬೇಕೆಂದು ನಾನು ಕೇಳಿದೆನೆ? ನನಗೆ ಬೇಕಾಗಿರುವುದು ಒಂದು ವಿಚಾರಣೆ. ವಿಚಾರಣೆ ಬೇಕಾದರೆ ಆ ಕಾಗದದಲ್ಲಿ ಸೊನ್ನೆ ಹೋಗಿ ಒಂದು ಅಂಕಿ ಬರಬೇಕು. ಸುವಾದಲ್ಲಿ ಫ್ಯಾನಿನ ಕೆಳಗೆ ಕೂತವರಿಗೆ ಇಷ್ಟು ಅರ್ಥವಾಗುವುದಿಲ್ಲವೆ?

ಜನರನ್ನು ಸಾಗಿಸಬೇಕಂತೆ! ಆ ಕಾಲದಲ್ಲಿ ಕಬ್ಬಿನ ಗಾಡಿಗಳ ಹಿಂದೆ ಜನ ಕೂರಲು ಒಂದು ಡಬ್ಬಿ ಕಟ್ಟುತ್ತಿದ್ದರು, ಟಿಕೆಟಿಲ್ಲದ ಡಬ್ಬಿ. ನೀನು ಹುಟ್ಟುವಾಗ ಅಮ್ಮನಿಗೆ ಎರಡು ದಿನ ನೋವು. ಆ ಡಬ್ಬಿಯಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೋದೆವು. ನಾನು ಏಳು ವರ್ಷದವನು, ಪಕ್ಕದಲ್ಲಿ ನೀರಿನ ತಂಬಿಗೆ ಹಿಡಿದು ಕೂತಿದ್ದೆ. ಆ ಹಳಿ ಇಲ್ಲದಿದ್ದರೆ ಈವತ್ತು ನಮೂನೆ ತುಂಬಲು ನೀನೇ ಇರುತ್ತಿರಲಿಲ್ಲ.

ಈಗ ಇನ್ನೊಂದು ಮಾತು. ವಕೀಲರು ಆ ಕಾಗದದ ನಕಲು ತರಿಸಿದರು. ಆರು ವರ್ಷದ ಆರು ಕಾಗದ. ಆರರಲ್ಲೂ ಸೊನ್ನೆ, ಕೆಳಗೆ ಒಂದೇ ಸಹಿ. ಆ ಕೈಬರಹಕ್ಕೆ ಅಕ್ಷರ ತಿದ್ದಿಸಿದವನು ನಾನೇ. ಹೆಸರು ಕೇಳಿದಾಗ ಹಲ್ಲುನೋವಿಗೆ ಮದ್ದು ಹೇಳಿದೆಯಲ್ಲ, ನಾಚಿಕೆಯಾಗಲಿಲ್ಲವೆ ನಿನಗೆ?

ಖೇಲಾವನ್


ಸುವಾ
19 ಏಪ್ರಿಲ್ 1994

ಭಯ್ಯಾ,

ನಾನೇ ಬರೆದದ್ದು. ಕತ್ತೆ ನಾನೇ. ಸಮಾಧಾನವಾಯಿತೆ?

ನನಗಿಂತ ಮೊದಲು ಆ ಮೇಜಿನಲ್ಲಿ ಕೂತಿದ್ದವರು ಸೊನ್ನೆ ಬರೆದಿದ್ದರು. ಮೊದಲ ವರ್ಷ ನಾನು ದೊಡ್ಡವರ ಕೋಣೆಗೆ ಹೋಗಿ, ನಮ್ಮಲ್ಲಿ ಹಳಿ ಇದೆಯಲ್ಲ ಸಾರ್ ಎಂದೆ. “ನೇಗಿಲೂ ಇದೆ, ಅದನ್ನೂ ಬರೀತೀಯೇನಮ್ಮ?” ಎಂದರು. ಕೋಣೆಯಲ್ಲಿದ್ದವರೆಲ್ಲ ನಕ್ಕರು. ಆ ನಗು ನಿನಗೆ ಒಂದು ದಿನ ಕೇಳಿಸಿತು. ನನಗೆ ಆರು ವರ್ಷದಿಂದ ಕೇಳಿಸುತ್ತಿದೆ. ಆಮೇಲೆ ನಾನು ಬಾಯಿ ಮುಚ್ಚಿಕೊಂಡು ಸಹಿ ಹಾಕಿದೆ. ಕಬ್ಬಿನ ಹೊಲದಿಂದ ಬಂದವಳು ಎಂದು ಇನ್ನೊಮ್ಮೆ ಅನ್ನಿಸಿಕೊಳ್ಳುವ ಧೈರ್ಯ ನನಗಿರಲಿಲ್ಲ.

ಈ ಸಲ ಸೊನ್ನೆ ಬರೆಯುವುದಿಲ್ಲ. ಮಿಕ್ಕ ಹಳಿಗಳ ಉದ್ದ ಗಿರಣಿಗಳ ನಕಾಶೆಯಲ್ಲಿ ಸಿಗುತ್ತದೆ. ವೈದಾಮು ಕವಲನ್ನು ಮಾತ್ರ ಈಗಲೇ ನಕಾಶೆಯಿಂದ ತೆಗೆದುಬಿಟ್ಟಿದ್ದಾರೆ. ಅದರ ಉದ್ದ ನೀನು ಕೊಡಬೇಕು. ಬಾಯಿಗೆ ಬಂದ ಅಂಕಿ ಬೇಡ. ಅಳೆದು ಕೊಡು. ಒಂದು ಅಂಕಿ ಸುಳ್ಳಾದರೂ ಇಡೀ ಕಾಗದ ಕಸದ ಬುಟ್ಟಿಗೆ ಹೋಗುತ್ತದೆ, ಅದರ ಹಿಂದೆ ನಾನೂ ಹೋಗುತ್ತೇನೆ.

ಬಿದ್ಯಾ


ವೈದಾಮು
8 ಮೇ 1994

ಬಿದ್ಯಾ,

ಹದಿನಾಲ್ಕು ಕಿಲೋಮೀಟರು. ಬರೆದುಕೋ.

ಮೂವತ್ತೆರಡು ವರ್ಷ ಆ ಹಳಿಯ ಮೇಲೆ ನಡೆದವನು ನಾನು. ಕಣ್ಣು ಕಟ್ಟಿ ಬಿಟ್ಟರೂ ಯಾವ ಜೋಡಣೆಯ ಹತ್ತಿರ ನಿಂತಿದ್ದೇನೆಂದು ಹೇಳಬಲ್ಲೆ. ಒಂಬತ್ತನೇ ಕಿಲೋಮೀಟರಿಗೆ ಸೇತುವೆ, ಹನ್ನೊಂದಕ್ಕೆ ದೊಡ್ಡ ಮಾವಿನ ಮರ, ಹದಿನಾಲ್ಕಕ್ಕೆ ಜೋಖೂ ಕಾಕಾನ ಹೊಲದ ಬೇಲಿ. ಹಳಿ ಹಾಕಿದ ದಿನ ಎಷ್ಟಿತ್ತೋ ಅಷ್ಟೇ ಇದೆ. ದೇಶಕ್ಕೆ ದೇಶವೇ ಇದರ ಮುಂದೆ ಏನು? ನೌರುವಿನ ಹಳಿಯಂಥ ಮೂರನ್ನು ಸಾಲಾಗಿ ಇದರೊಳಗಿಡಬಹುದು.

ಅಳೆಯಲು ಯಾರನ್ನಾದರೂ ಕಳಿಸುವ ಯೋಚನೆ ಇದ್ದರೆ ಬೇಡ. ಕಬ್ಬು ಕಡಿಯುವ ಕಾಲ ಬಂತು, ಎಲ್ಲರಿಗೂ ಕೈತುಂಬ ಕೆಲಸ. ಸುಮ್ಮನೆ ಅವರಿಗೂ ತೊಂದರೆ. ನನ್ನ ಮಾತೇ ಸಾಕು ಎಂದು ದೊಡ್ಡವರಿಗೆ ಹೇಳು.

ಭೌಜಿಯ ಹಲ್ಲು ಕಿತ್ತಾಯಿತು. ನಿನಗೆ ಆಶೀರ್ವಾದ ಹೇಳಿದ್ದಾಳೆ.

ಖೇಲಾವನ್


ಸುವಾ
2 ಜೂನ್ 1994

ಭಯ್ಯಾ,

ನಿನ್ನ ಹದಿನಾಲ್ಕನ್ನು ಕೂಡಿಸಿ ನಮೂನೆ ತುಂಬಿದೆ. ದೊಡ್ಡವರು ಮೂಗು ಮುರಿದರು. ನಾನು ಟಿಕೆಟಿಲ್ಲದ ಡಬ್ಬಿಯ ಕತೆ ಹೇಳಿದೆ. ಜನರನ್ನು ಸಾಗಿಸಿದ ಹಳಿಯನ್ನು ಯಾವ ನಿಯಮದಲ್ಲಿ ಬಿಟ್ಟಿರಿ, ತೋರಿಸಿ ಎಂದು ಕೇಳಿದೆ. ಕೊನೆಗೆ ಒಪ್ಪಿದರು. ಆದರೆ ವೈದಾಮುವಿನ ಅಂಕಿ ಸರಿಯೆಂದು ನನ್ನಿಂದ ಬೇರೆಯೇ ಬರೆಸಿಕೊಂಡು ಸಹಿ ಹಾಕಿಸಿದರು. ಅಳತೆಗೆ ಇಸಿಕೇಲಿ ಎಂಬ ಸರ್ವೆಯರನ್ನು ಕಳಿಸುತ್ತಾರೆ. ಜುಲೈ 12, ಮಂಗಳವಾರ. ಒಳ್ಳೆಯ ಮನುಷ್ಯ, ಹೆಚ್ಚು ಮಾತಾಡುವುದಿಲ್ಲ.

ಅಳೆಯುವವರು ಬರುವುದು ಬೇಡ ಎಂದು ಏಕೆ ಬರೆದೆ? ನಿನ್ನ ಹಳಿಯನ್ನು ಮಂತ್ರಿಗಳಿಗೂ ಕರೆದು ತೋರಿಸುವವನು ನೀನು. ಸೇತುವೆಯ ಮರ ಕೊಳೆತಿದೆಯೆ? ಏನಿದ್ದರೂ ಈಗಲೇ ಹೇಳು.

ಬಿದ್ಯಾ


ವೈದಾಮು
20 ಜೂನ್ 1994

ಬಿದ್ಯಾ,

ಸೇತುವೆ ಗಟ್ಟಿಯಾಗಿದೆ. ಮಾವಿನ ಮರದಿಂದ ಆಚೆಗೆ ಹಳಿಯೇ ಇಲ್ಲ.

ಬೈಯುವ ಮುಂಚೆ ಪೂರ್ತಿ ಓದು. ಆ ಕೊನೆಯ ಮೂರು ಕಿಲೋಮೀಟರಿಗೆ ಇಂಜಿನ್ನು ಹೋಗುವುದನ್ನು ಗಿರಣಿಯವರು ನಿಲ್ಲಿಸಿ ಹತ್ತು ವರ್ಷವಾಯಿತು. ಮೇಲಿನ ಹೊಲದವರು ಕಬ್ಬನ್ನು ಮಾವಿನ ಮರದ ತನಕ ತರಬೇಕು. ಅದಕ್ಕೆ ಹೊಲದೊಳಗೆ ಬೇಕಾದಲ್ಲಿಗೆ ಎತ್ತಿ ಹಾಕುವ ಬಿಡಿ ಹಳಿ ಬೇಕು, ಗಾಡಿಯನ್ನು ಅದರ ಮೇಲೆ ಎತ್ತು ಎಳೆಯುತ್ತದೆ. ಗಿರಣಿ ಕೊಡಲಿಲ್ಲ. ಮೊದಲು ಬಂದವನು ಜೋಖೂ ಕಾಕಾ. ಅರೆದು ಕುಡಿಯುವ ಯಾಂಗೋನಾ ಬೇರು ತಂದು ಇಲ್ಲಿನ ಪದ್ಧತಿಯಂತೆ ನನ್ನ ಮುಂದಿಟ್ಟು, ಕೊನೆಯ ನಾಲ್ಕು ತುಂಡು ಹಳಿ ಬಿಚ್ಚಿಕೊಡು ಸರ್ದಾರ್ ಎಂದ. ಬೇರನ್ನು ಮುಂದಿಟ್ಟು ಕೆರೆಕೆರೆ, ದಯವಿಟ್ಟು ಕೊಡು, ಎಂದು ಕೇಳಿದವನಿಗೆ ಇಲ್ಲ ಅನ್ನುವುದುಂಟೆ? ನಮ್ಮ ಆಜಾ ಹಿಂದೂಸ್ತಾನದಿಂದ ಈ ನೆಲಕ್ಕೆ ಬಂದು ಇಲ್ಲಿನವರಿಂದ ಮೊದಲು ಕಲಿತದ್ದೇ ಅದು. ಬೇರು ತೆಗೆದುಕೊಂಡೆ, ಹಳಿ ಕೊಟ್ಟೆ. ಆಮೇಲೆ ಇನ್ನೊಬ್ಬ ಬಂದ. ಹೀಗೆ ಒಟ್ಟು ಹದಿನೆಂಟು ಮನೆಯವರಾದರು. ಯಾರಿಗೂ ಇಲ್ಲ ಅನ್ನಲಿಲ್ಲ. ರಿಜಿಸ್ಟರಿನಲ್ಲಿ ಬರೆಯಲೂ ಇಲ್ಲ.

ನಾನು ಕದ್ದವನಲ್ಲ. ಆದರೆ ಗಿರಣಿಯ ವಕೀಲ ಏನು ಅನ್ನುತ್ತಾನೆಂದು ನನಗೆ ಗೊತ್ತು. ಸರ್ದಾರನೇ ಹಳಿ ಕಿತ್ತು ಹಂಚಿದ್ದಾನೆ, ಇನ್ನು ವಿಚಾರಣೆ ಯಾತಕ್ಕೆ ಅನ್ನುತ್ತಾನೆ. ನನ್ನ ಮೇಲೆ ನನಗೇ ಹೇಸಿಗೆಯಾಗಿದೆ. ನೀನು ಹದಿನಾಲ್ಕನ್ನು ಹೊಡೆದುಹಾಕಿ ಹನ್ನೊಂದು ಎಂದು ಬರೆದುಬಿಡು.

ಖೇಲಾವನ್


ಸುವಾ
28 ಜೂನ್ 1994

ಭಯ್ಯಾ,

ಹೊಡೆದುಹಾಕಬೇಕಂತೆ! ನನ್ನ ಸಹಿ ದೊಡ್ಡವರ ಬೀರುವಿನಲ್ಲಿದೆ. ತಪ್ಪಾಯಿತು ಎಂದು ಹೋಗಿ ನಿಂತರೆ ಹದಿನಾಲ್ಕು ಹೋಗಿ ಹನ್ನೊಂದು ಆಗುವುದಿಲ್ಲ, ಮತ್ತೆ ಸೊನ್ನೆಯೇ ಆಗುತ್ತದೆ. ನಿನ್ನ ಸೇತುವೆಯೂ ಹೋಗುತ್ತದೆ, ಆ ಮಕ್ಕಳ ದಾರಿಯೂ ಹೋಗುತ್ತದೆ.

ಆರು ವರ್ಷ ಇದ್ದದ್ದನ್ನು ಇಲ್ಲ ಎಂದು ಬರೆದೆ, ನೀನು ನನ್ನನ್ನು ಕತ್ತೆ ಅಂದೆ. ಈಗ ನೀನು ಇಲ್ಲದ್ದನ್ನು ಇದೆ ಎಂದು ಬರೆಸಿದೆ. ನಿನ್ನನ್ನು ಏನನ್ನಲಿ? ಹೇಳು, ನಿನ್ನ ಬಾಯಿಂದಲೇ ಕೇಳುತ್ತೇನೆ. ನನ್ನ ಕೈಹಿಡಿದು ಅಕ್ಷರ ತಿದ್ದಿಸಿದವನು ನೀನು ಎಂದು ನಾನು ಮರುಮಾತಿಲ್ಲದೆ ನಂಬಿದ್ದೆ.

ಹನ್ನೆರಡನೇ ತಾರೀಖಿಗೆ ಹದಿನಾಲ್ಕು ದಿನ ಇದೆ. ಹದಿನೆಂಟು ಮನೆಯವರು ನಿನ್ನನ್ನು ಕೇಳಿದರು, ನೀನು ದೊಡ್ಡ ಮನುಷ್ಯನಂತೆ ಕೊಟ್ಟೆ. ಈಗ ಬೇರು ಹಿಡಿದುಕೊಂಡು ನೀನು ಹೋಗು. ಹುಟ್ಟಿದಾಗಿನಿಂದ ಯಾರ ಮುಂದೂ ಕೈಚಾಚಿದವನಲ್ಲ ಎಂದು ಹೆಮ್ಮೆಪಡುತ್ತೀಯಲ್ಲ. ಈ ಒಂದು ಸಲ ಕೇಳು.

ಬಿದ್ಯಾ


ವೈದಾಮು
13 ಜುಲೈ 1994

ಬಿದ್ಯಾ,

ಕೇಳಿದೆ.

ಮೊದಲು ಜೋಖೂ ಕಾಕಾನ ಮನೆ. ಅವನಲ್ಲೇ ಹೆಚ್ಚು ಹಳಿ ಇದ್ದದ್ದು. ಬೇರನ್ನು ಚಾಪೆಯ ಮೇಲಿಟ್ಟು ಕೂತೆ. ಅವನು ಬೇರನ್ನು ಮುಟ್ಟಲಿಲ್ಲ. ಹೊರಗೆ ಕಬ್ಬು ಕಡಿಯಲು ಬಂದವರು ಮಚ್ಚು ಮಸೆಯುತ್ತಿದ್ದರು.

“ಕೇಳೋಕೆ ಬಂದ್ಯಾ ಸರ್ದಾರ್? ಇಷ್ಟು ವರ್ಷ ನಾನು ಕೇಳ್ತಿದ್ದೆ, ನೀನು ಕೊಡ್ತಿದ್ದೆ. ಕೇಳೋದು ಎಷ್ಟು ಕಷ್ಟ ಅಂತ ಈಗ ಗೊತ್ತಾಯ್ತಾ?” ಎಂದ.

ಗೊತ್ತಾಯಿತು ಕಾಕಾ ಎಂದೆ.

“ಹಳಿ ಎತ್ತಿದರೆ ನನ್ನ ಕಬ್ಬು ಹೊಲದಲ್ಲೇ ಉಳಿಯುತ್ತೆ.”

“ನಾಲ್ಕೇ ದಿನ. ಅಳತೆ ಮುಗೀಲಿ, ವಾಪಸ್ ತಂದು ನಾನೇ ಹಾಕಿಕೊಡ್ತೀನಿ.”

“ಕೊಡ್ತೀಯಲ್ಲ?”

“ಕೊಡ್ತೀನಿ.”

ಒಪ್ಪಿದ ಗುರುತಿಗೆ ಚಪ್ಪಾಳೆ ತಟ್ಟಿ ಬೇರು ಎತ್ತಿಕೊಂಡ. ಉಳಿದ ಹದಿನೇಳು ಮನೆಯವರು ಅವನನ್ನು ನೋಡಿ ಕೊಟ್ಟರು. ಒಬ್ಬ ದನದ ಕೊಟ್ಟಿಗೆಯ ಬೇಲಿ ಕಿತ್ತ. ಇನ್ನೊಬ್ಬ ಚರಂಡಿಗೆ ಹಾಕಿದ್ದ ಸಂಕ ಎತ್ತಿದ. ನನ್ನ ಗ್ಯಾಂಗಿನ ಸೆಮಿಸಿ ಅವನ ಹಳ್ಳಿಯಿಂದ ಮೂವತ್ತು ಗಂಡಸರನ್ನು ಕರೆತಂದ. ಹೆಂಗಸರು ದೊಡ್ಡ ಪಾತ್ರೆಗಳಲ್ಲಿ ಕಸಾವಾ ಗೆಡ್ಡೆ ಬೇಯಿಸಿಟ್ಟರು. ಶನಿವಾರ ಶುರು ಮಾಡಿದ್ದು ಸೋಮವಾರ ಸಂಜೆಗೆ ಮುಗಿಯಿತು. ಭಾನುವಾರ ಸೆಮಿಸಿಯವರು ಚರ್ಚಿಗೆ ಹೋದಾಗ ಮಾತ್ರ ನಮ್ಮವರಷ್ಟೇ ಹೊತ್ತರು. ನನ್ನ ಹೆಗಲ ಸಿಪ್ಪೆ ಎದ್ದಿದೆ.

ಮಂಗಳವಾರ ಇಸಿಕೇಲಿ ಅಳತೆಯ ಚಕ್ರ ಉರುಳಿಸುತ್ತಾ ಬಂದ. ಮಾವಿನ ಮರ ದಾಟಿದ ಮೇಲೆ ಬಗ್ಗಿ ಹಳಿಯ ಕೆಳಗೆ ಕೈ ಹಾಕಿ ಒಂದು ಹಿಡಿ ಹುಲ್ಲು ಕಿತ್ತು ನೋಡಿದ. ಹಸಿರಾಗಿತ್ತು. ಹಳೆಯ ಹಳಿಯ ಕೆಳಗೆ ಹಸಿರು ಹುಲ್ಲು ಎಲ್ಲಿರುತ್ತದೆ? ನನ್ನ ಮುಖ ನೋಡಿದ. ನಾನು ಇದ್ದದ್ದು ಇದ್ದಂತೆ ಹೇಳಿಬಿಟ್ಟೆ. “ನೆಲದ ಮೇಲಿರೋದನ್ನ ಅಳೆಯೋದು ನನ್ನ ಕೆಲಸ, ಸರ್ದಾರ್. ಇರೋದು ಹದಿನಾಲ್ಕು” ಎಂದು ಬರೆದುಕೊಂಡ.

ಗೆದ್ದೆವು ಬಿದ್ಯಾ. ಗೆದ್ದೆವು. ಈ ಶನಿವಾರ ಹಳಿ ಬಿಚ್ಚಿ ಅವರವರ ಹೊಲಕ್ಕೆ ಮುಟ್ಟಿಸುತ್ತೇನೆ.

ಖೇಲಾವನ್


ತಂತಿ
ಸುವಾ, 15 ಜುಲೈ 1994

ಹಳಿ ಬಿಚ್ಚಬೇಡ. ಒಂದು ತುಂಡೂ ಕದಲಬಾರದು. ನವೆಂಬರ್ ತನಕ. ಪತ್ರ ಬರೆಯುತ್ತೇನೆ. ಬಿದ್ಯಾ


ಸುವಾ
17 ಜುಲೈ 1994

ಭಯ್ಯಾ,

ಇಸಿಕೇಲಿ ಹಿಂದಿರುಗಿ ಬಂದು ಅಳತೆಯನ್ನು ಮಾತ್ರ ಕೊಟ್ಟ. ಹುಲ್ಲಿನ ವಿಷಯ ಎತ್ತಲೇ ಇಲ್ಲ. ದೊಡ್ಡವರಿಗೆ ಹೇಳಿದವಳು ನಾನು.

ಪತ್ರ ಹರಿದು ಬಿಸಾಡಬೇಡ, ಕೇಳು. ಗಿರಣಿಯ ವಕೀಲ ವಿಚಾರಣೆಯಲ್ಲಿ ಮೇಲಿನ ಹೊಲದ ಯಾರನ್ನಾದರೂ ನಿಲ್ಲಿಸಿ ಆಣೆ ಹಾಕಿಸಿ ಕೇಳಿದರೆ ಎಲ್ಲ ಹೊರಗೆ ಬರುತ್ತಿತ್ತು. ಹಾಗೆಂದುಕೊಂಡೆ. ಅದಕ್ಕಿಂತ ಹೆಚ್ಚಾಗಿ ಇನ್ನೊಂದು ಸುಳ್ಳಿಗೆ ಸಹಿ ಹಾಕಿ ಬದುಕುವುದು ನನ್ನಿಂದಾಗಲಿಲ್ಲ. ಆರು ಸಲ ಹಾಕಿದ್ದೇ ಸಾಕು. ಹಳಿಯನ್ನು ಹೋದ ವಾರ ಜೋಡಿಸಿದ್ದು, ನನಗೆ ಜೂನ್ ತಿಂಗಳಿನಿಂದಲೇ ಗೊತ್ತಿತ್ತು ಎಂದು ಹೇಳಿಬಿಟ್ಟೆ. ದೊಡ್ಡವರು ಕೂಗಾಡಲಿಲ್ಲ. ನನ್ನ ಹೆಸರು ಹೊಡೆದು ತಾವೇ ಸಹಿ ಹಾಕಿದರು. ಅಕ್ಟೋಬರಿನಲ್ಲಿ ಇನ್ನೊಮ್ಮೆ ಅಳೆಯುತ್ತಾರೆ. ಆಗಲೂ ಹದಿನಾಲ್ಕು ನೆಲದ ಮೇಲಿದ್ದರೆ ಅದು ರೈಲುದಾರಿ. ಇಲ್ಲದಿದ್ದರೆ ಸೊನ್ನೆ. ನನ್ನನ್ನು ಹಳೆಯ ಕಡತಗಳ ಕೋಣೆಗೆ ಹಾಕಿದ್ದಾರೆ.

ವಿಚಾರಣೆ ನವೆಂಬರಿನಲ್ಲಿ. ಅಲ್ಲಿಯವರೆಗೆ ಹೊಲದವರನ್ನು ಹೇಗಾದರೂ ಸಮಾಧಾನ ಮಾಡು. ನಾಲ್ಕು ತಿಂಗಳು ತಾನೆ.

ಬಿದ್ಯಾ


ಸುವಾ
11 ಸೆಪ್ಟೆಂಬರ್ 1994

ಭಯ್ಯಾ,

ಮೂರು ಪತ್ರ ಬರೆದೆ. ಒಂದಕ್ಕೂ ಉತ್ತರವಿಲ್ಲ. ಬೈದಾದರೂ ಬರೆ.

ಬಿದ್ಯಾ


ವೈದಾಮು
27 ನವೆಂಬರ್ 1994

ಬಿದ್ಯಾ,

ಅಕ್ಟೋಬರಿನಲ್ಲೂ ಹದಿನಾಲ್ಕೇ ಅಳೆದರು, ವಿಚಾರಣೆ ಮುಗಿಯಿತು. ಹಳಿ ಉಳಿಯಿತು, ಸೇತುವೆಯೂ ಉಳಿಯಿತು. ನನ್ನ ಗ್ಯಾಂಗಿನ ಒಂಬತ್ತು ಜನರಿಗೂ ಕೆಲಸ ಇದೆ. ನಿನಗೆ ಇಷ್ಟು ತಿಳಿದರೆ ಸಾಕು ಎಂದು ಕಾಗದ ಮಡಚಿದ್ದೆ. ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ.

ನಾಲ್ಕು ತಿಂಗಳು ತಾನೆ ಎಂದು ನೀನು ಬರೆದಿದ್ದೆ. ಕಬ್ಬಿನ ಹೊಲದಲ್ಲಿ ಹುಟ್ಟಿದವಳು ಹಾಗೆ ಬರೆಯಲು ನಿನಗೆ ಕೈ ಹೇಗೆ ಬಂತು? ಕಡಿಯುವ ಕಾಲವೇ ಅಷ್ಟು. ಹೊಲದೊಳಗೆ ಹಳಿ ಇಲ್ಲದೆ ಮೇಲಿನವರು ಹೊತ್ತು ತಂದದ್ದು ಅರ್ಧ ಬೆಳೆಯೂ ಇಲ್ಲ. ಮರಳಿ ಜೋಡಿಸಿದ ಹಳಿಗೆ ಕಲ್ಲು ತುಂಬಿಲ್ಲವೆಂದು ಇಂಜಿನ್ನಿನವನು ಮಾವಿನ ಮರ ದಾಟಿ ಒಂದು ದಿನವೂ ಬರಲಿಲ್ಲ. ಜೋಖೂ ಕಾಕಾನ ಕಬ್ಬು ಹೊಲದಲ್ಲೇ ಒಣಗಿ ಬೆಂಡಾಯಿತು. ಎಪ್ಪತ್ತು ವರ್ಷದ ಮುದುಕ ಕಡಿದ ಕಬ್ಬನ್ನು ತಲೆಯ ಮೇಲೆ ಹೊತ್ತು ನನ್ನ ಕಣ್ಣೆದುರಿಗೇ ನಡೆದ. ನಿನ್ನ ಪಟ್ಟಿಯಲ್ಲಿ ದೇಶದೇಶಗಳ ಹೆಸರಿನ ಮುಂದೆ ಅಂಕಿಗಳಿವೆಯಲ್ಲ, ಒಂದೊಂದರ ಕೆಳಗೂ ಹೀಗೆ ಯಾರ್ಯಾರು ಸಿಕ್ಕಿಕೊಂಡಿದ್ದಾರೋ ಎಂದು ಊಟಕ್ಕೆ ಕೂತಾಗಲೆಲ್ಲ ಯೋಚಿಸುತ್ತೇನೆ.

ನೀನು ಸತ್ಯ ಹೇಳಿದೆ, ನಿನ್ನ ಮನಸ್ಸು ಹಗುರಾಯಿತು. ನಾನು ಕೊಟ್ಟ ಮಾತು ಹೋಯಿತು. ಯಾರು ಸರಿ ಎಂದು ನನಗೆ ಗೊತ್ತಿಲ್ಲ, ಆದರೆ ಸಿಟ್ಟು ಇನ್ನೂ ಇಳಿದಿಲ್ಲ. ಸುಳ್ಳು ಅಂಕಿ ಕೊಟ್ಟು ಶುರು ಮಾಡಿದವನು ನಾನೇ ಎಂಬುದೂ ಗೊತ್ತಿದೆ. ಅದರಿಂದಲೂ ಇಳಿಯುವುದಿಲ್ಲ.

ನಿನ್ನ ತಂತಿ ಬಂದ ಮರುದಿನ, ಶನಿವಾರ ಬೆಳಿಗ್ಗೆ, ಜೋಖೂ ಕಾಕಾ ಮಾತಿನಂತೆ ಹಳಿಗಾಗಿ ಬಂದ. ಸುಮ್ಮನೆ ವಾಪಸ್ ಕೊಡು ಎಂದು ಕೇಳಬಹುದಿತ್ತು. ಆದರೂ ಮರ್ಯಾದೆಯಿಂದ ಬೇರು ತಂದು ನನ್ನ ಮುಂದಿಟ್ಟ. ಒಳ್ಳೆಯ ಬೇರು, ಐದು ವರ್ಷದ್ದು. ನಾನು ಅದನ್ನು ಅವನ ಕಡೆಗೆ ಸರಿಸಿದೆ. ಜೀವಮಾನದಲ್ಲಿ ಮೊದಲ ಸಲ ಒಬ್ಬರಿಗೆ ಇಲ್ಲ ಅಂದೆ. ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು. “ಆಯ್ತು ಸರ್ದಾರ್” ಎಂದು ಬೇರನ್ನು ಟವೆಲಿನಲ್ಲಿ ಸುತ್ತಿಕೊಂಡು ಎದ್ದು ಹೋದ.

ಅವತ್ತಿನಿಂದ ನನ್ನ ಮನೆಗೆ ಯಾರೂ ಏನನ್ನೂ ಕೇಳಲು ಬರುವುದಿಲ್ಲ.

ಖೇಲಾವನ್